ದಾಖಲಾತಿ ಮೇಜಿನ ಕೈಪಿಡಿ: ಹೊಲಿದ ಪುಸ್ತಕವೋ, ರಿಂಗ್ ಫೈಲೋ, ಕಂಪ್ಯೂಟರಿನ ಹಾಳೆಯೋ?

ಶಾಲೆಯ ದಾಖಲಾತಿ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಪೋಷಕರು ಕೇಳುವ ಪ್ರಶ್ನೆಗಳು ಒಂದೆರಡು ವರ್ಷಗಳಲ್ಲೇ ಬಾಯಿಪಾಠವಾಗಿಬಿಡುತ್ತವೆ. ಮಗುವಿಗೆ ಎಷ್ಟು ವಯಸ್ಸಾಗಿರಬೇಕು, ಯಾವ ಯಾವ ದಾಖಲೆ ತರಬೇಕು, ಶುಲ್ಕವನ್ನು ಕಂತುಗಳಲ್ಲಿ ಕಟ್ಟಬಹುದೇ, ಅಣ್ಣ ಇಲ್ಲೇ ಓದುತ್ತಿದ್ದರೆ ತಂಗಿಗೆ ಆದ್ಯತೆ ಇದೆಯೇ, ವರ್ಷದ ನಡುವೆ ಬೇರೆ ಊರಿನಿಂದ ಬಂದರೆ ಸೇರಿಸಿಕೊಳ್ಳುತ್ತೀರಾ ಎಂಬ ಪ್ರಶ್ನೆಗಳು ಪ್ರತಿ ವರ್ಷವೂ ಬರುತ್ತವೆ. ಪ್ರಶ್ನೆಗಳು ಅವೇ ಆದರೂ ಉತ್ತರ ಮಾತ್ರ ಆ ಹೊತ್ತಿಗೆ ಮೇಜಿನ ಹಿಂದೆ ಯಾರು ಕುಳಿತಿದ್ದಾರೆ ಎಂಬುದನ್ನು ನೋಡಿಕೊಂಡು ಬದಲಾಗುತ್ತದೆ. ಬೆಳಿಗ್ಗೆ ಖುದ್ದಾಗಿ ಬಂದಾಗ ಒಂದು ಉತ್ತರ, ಸಂಜೆ ಫೋನ್ ಮಾಡಿದಾಗ ಇನ್ನೊಂದು ಉತ್ತರ ಪಡೆದ ಪೋಷಕರಿಗೆ ಆ ಶಾಲೆಯ ಮೇಲೆ ಅನುಮಾನ ಹುಟ್ಟದೆ ಇರುವುದಿಲ್ಲ. ಈ ಮೇಜಿನಲ್ಲಿ ಕೂರುವ ಎಲ್ಲ ಪ್ರತಿನಿಧಿಗಳೂ ತೆರೆದು ನೋಡಬಹುದಾದ ಒಂದು ಕೈಪಿಡಿ ಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅದನ್ನು ಯಾವ ರೂಪದಲ್ಲಿ ಕಟ್ಟಬೇಕು ಎಂಬಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ.

ರೂಪವನ್ನು ಆರಿಸುವಾಗ ಬಹುತೇಕ ಕಚೇರಿಗಳು ಬರೆಯಲು ಯಾವುದು ಸುಲಭ ಎಂದು ನೋಡುತ್ತವೆ. ನನ್ನ ದೃಷ್ಟಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಬರೆದದ್ದು ಹಳತಾದಾಗ ಅದನ್ನು ತಿದ್ದುವವರು ಯಾರು, ಮತ್ತು ತಿದ್ದಿದ್ದು ಉಳಿದವರಿಗೆ ಹೇಗೆ ತಿಳಿಯುತ್ತದೆ? ಪುಟ ಖಾಲಿಯಿದ್ದು ಉತ್ತರ ಸಿಗದಿದ್ದರೆ ಪ್ರತಿನಿಧಿ ಇನ್ನೊಬ್ಬರನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಹಳೆಯ ಶುಲ್ಕ ಬರೆದಿರುವ ಪುಟವಾದರೆ ಅದನ್ನು ಧೈರ್ಯವಾಗಿ ಓದಿ ಹೇಳಿಬಿಡುತ್ತಾರೆ.

ಮಾಹಿತಿಯ ಆಯುಸ್ಸು

ಆದ್ದರಿಂದ ಪುಸ್ತಕ ಕೊಳ್ಳುವ ಮೊದಲು, ಕೈಪಿಡಿಗೆ ಸೇರಬೇಕಾದ ವಿಷಯಗಳನ್ನು ಅವು ಎಷ್ಟು ಬೇಗ ಬದಲಾಗುತ್ತವೆ ಎಂಬುದರ ಮೇಲೆ ವಿಂಗಡಿಸಿಕೊಳ್ಳುವುದು ಒಳ್ಳೆಯದು. ಬೋಧನಾ ಮಾಧ್ಯಮ, ಕಲಿಯಬಹುದಾದ ಭಾಷೆಗಳು, ಪಠ್ಯಕ್ರಮ, ಕಟ್ಟಡ ಮತ್ತು ಪ್ರಯೋಗಾಲಯಗಳ ವಿವರ, ವರ್ಗಾವಣೆ ಪತ್ರ ಪಡೆಯುವ ಕ್ರಮ ಮುಂತಾದವು ವರ್ಷಗಟ್ಟಲೆ ಹಾಗೆಯೇ ಇರುತ್ತವೆ. ಶುಲ್ಕ, ವಯೋಮಿತಿಯ ದಿನಾಂಕ, ಅರ್ಜಿಯ ವೇಳಾಪಟ್ಟಿ, ಶಾಲಾ ವಾಹನದ ಮಾರ್ಗಗಳು, ರಿಯಾಯಿತಿಯ ನಿಯಮಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ. ಯಾವ ತರಗತಿಯಲ್ಲಿ ಎಷ್ಟು ಸೀಟು ಉಳಿದಿದೆ, ಕಾಯುವ ಪಟ್ಟಿ ಎಲ್ಲಿಗೆ ಬಂದಿದೆ, ನಾಳೆ ಶಾಲೆ ನೋಡಲು ಬರುವವರಿಗೆ ಯಾವ ಸಮಯ ಖಾಲಿ ಇದೆ ಎಂಬಂಥವು ದಿನದೊಳಗೇ ಬದಲಾಗುತ್ತವೆ. ಈ ಮೂರನ್ನೂ ಒಂದೇ ಕಡೆ ಬರೆಯಲು ಹೊರಟ ಕೈಪಿಡಿ ಯಾವ ರೂಪದಲ್ಲಿದ್ದರೂ ಹೆಚ್ಚು ದಿನ ಬಾಳುವುದಿಲ್ಲ, ಏಕೆಂದರೆ ದಿನಕ್ಕೊಮ್ಮೆ ಹಳತಾಗುವ ಅಂಕಿಗಳು ಪಕ್ಕದಲ್ಲಿರುವ ಗಟ್ಟಿ ಮಾಹಿತಿಯ ಮೇಲಿನ ವಿಶ್ವಾಸವನ್ನೂ ಕೆಡಿಸುತ್ತವೆ.

ಶಾಲೆಯ ಪರಿಚಯ ಪುಸ್ತಿಕೆಯನ್ನೇ ಕತ್ತರಿಸಿ ಅಂಟಿಸಿ ಕೈಪಿಡಿ ಎಂದು ಕರೆಯುವುದೂ ಉಂಟು. ಪುಸ್ತಿಕೆ ಶಾಲೆಗೆ ಏನು ಹೇಳಬೇಕಿದೆಯೋ ಅದನ್ನು ಹೇಳುತ್ತದೆ. ಪೋಷಕರು ಕೇಳುವುದು ಬಹುಮಟ್ಟಿಗೆ ಅದರಲ್ಲಿ ಇಲ್ಲದ್ದನ್ನೇ.

ಹೊಲಿದ ಪುಸ್ತಕ

ರಟ್ಟಿನ ಹೊದಿಕೆಯ, ಹೊಲಿದು ಕಟ್ಟಿದ ಪುಸ್ತಕ ಎಲ್ಲಕ್ಕಿಂತ ಅಗ್ಗವಾದದ್ದು, ಇಂದೇ ಶುರು ಮಾಡಬಹುದಾದದ್ದು. ಪುಟಗಳು ಕಳಚಿಕೊಳ್ಳುವುದಿಲ್ಲ, ವಿದ್ಯುತ್ತು ಬೇಕಿಲ್ಲ, ಯಾವಾಗ ಏನು ಬರೆಯಲಾಯಿತು ಎಂಬ ಕ್ರಮ ತಾನಾಗಿ ಉಳಿಯುತ್ತದೆ. ಆದರೆ ನಡುವೆ ಪುಟ ಸೇರಿಸಲು ಬರುವುದಿಲ್ಲ. ಶುಲ್ಕದ ಪುಟದಲ್ಲಿ ಹಳೆಯ ಅಂಕಿಯ ಮೇಲೆ ಗೀಟು, ಅದರ ಪಕ್ಕದಲ್ಲಿ ಹೊಸ ಅಂಕಿ, ಅದರ ಮೇಲೂ ಒಂದು ಗೀಟು ಬಿದ್ದ ಮೇಲೆ ಕೊನೆಗೆ ಉಳಿದದ್ದು ಯಾವುದು ಎಂದು ಬರೆದವರೇ ಹೇಳಬೇಕಾಗುತ್ತದೆ. ಬರೆದವರು ಕೆಲಸ ಬಿಟ್ಟು ಹೋದರೆ ಪುಸ್ತಕವೂ ಅವರ ಚೀಲದಲ್ಲಿ ಹೋಗುವುದು ಅಪರೂಪವೇನಲ್ಲ.

ಈ ರೂಪವನ್ನೇ ಆರಿಸುವವರು ಕನಿಷ್ಠ ಒಂದು ವಿಷಯಸೂಚಿಯನ್ನಾದರೂ ಇಡಬೇಕು. ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ 1686ರಲ್ಲಿ ಪ್ರಕಟಿಸಿದ ಒಂದು ವಿಧಾನ ಇದಕ್ಕೆ ಈಗಲೂ ಒದಗುತ್ತದೆ: ಶೀರ್ಷಿಕೆಯ ಮೊದಲ ಅಕ್ಷರ ಮತ್ತು ಅದರ ನಂತರ ಬರುವ ಮೊದಲ ಸ್ವರವನ್ನು ನೋಡಿ, ಪುಸ್ತಕದ ಆರಂಭದ ಪುಟಗಳಲ್ಲಿ ಗೆರೆ ಎಳೆದು ಮಾಡಿಟ್ಟ ಮನೆಗಳಲ್ಲಿ ಪುಟಸಂಖ್ಯೆ ಬರೆದುಕೊಳ್ಳುತ್ತಾ ಹೋಗುವುದು. ಬರಹ ಪುಸ್ತಕದಲ್ಲಿ ಎಲ್ಲಿಯೇ ಇರಲಿ, ಸೂಚಿ ಅದನ್ನು ಹುಡುಕಿಕೊಡುತ್ತದೆ. ಕನ್ನಡದಲ್ಲಿ ಸೂಚಿ ಮಾಡುವವರಿಗೆ ಕಾಗುಣಿತವೇ ಆ ಕೆಲಸವನ್ನು ಅರ್ಧ ಮಾಡಿಕೊಟ್ಟಿದೆ. ಹಾಗಿದ್ದರೂ ಹೊಲಿದ ಪುಸ್ತಕವನ್ನು ಮುಖ್ಯ ಕೈಪಿಡಿಯಾಗಿ ನಾನು ಸೂಚಿಸುವುದಿಲ್ಲ. ಅದಕ್ಕೆ ಒಪ್ಪುವ ಬೇರೊಂದು ಕೆಲಸವಿದೆ, ಅದನ್ನು ಮುಂದೆ ಹೇಳುತ್ತೇನೆ.

ರಿಂಗ್ ಫೈಲು

ಪುಟವನ್ನು ತೆಗೆದು ಬೇರೆ ಪುಟ ಹಾಕಬಹುದು ಎಂಬ ಒಂದೇ ಗುಣಕ್ಕಾಗಿ ರಿಂಗ್ ಫೈಲು ಈ ಕೆಲಸಕ್ಕೆ ಬಹಳ ಹೊಂದುತ್ತದೆ. ಇದಕ್ಕೆ ವಿಮಾನಯಾನದಲ್ಲಿ ಒಂದು ಒಳ್ಳೆಯ ಪೂರ್ವನಿದರ್ಶನವಿದೆ. ಅಮೆರಿಕದ ಅಂಚೆ ವಿಮಾನ ಚಾಲಕ ಎಲ್ರೇ ಜೆಪ್ಪಸನ್ 1930ರ ದಶಕದ ಆರಂಭದಲ್ಲಿ ಇಳಿದಾಣಗಳ ಉದ್ದ, ಸುತ್ತಲಿನ ಗುಡ್ಡಗಳು, ಕಂಬಗಳು, ಹತ್ತಿರದಲ್ಲಿ ಫೋನ್ ಮಾಡಿ ಹವೆಯ ಸ್ಥಿತಿ ಕೇಳಬಹುದಾದವರ ವಿವರಗಳನ್ನು ಒಂದು ಸಣ್ಣ ಕಪ್ಪು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಉಳಿದ ಚಾಲಕರು ಪ್ರತಿ ಕೇಳತೊಡಗಿದಾಗ 1934ರಲ್ಲಿ ಅದನ್ನೇ ವ್ಯವಹಾರವಾಗಿ ಆರಂಭಿಸಿದರು. ಮುಂದೆ ವಿಮಾನ ಚಾಲಕರ ಕೈಪಿಡಿಗಳು ಬಿಡಿ ಹಾಳೆಗಳ ಫೈಲುಗಳಾಗಿ ಬೆಳೆದವು; ಬದಲಾವಣೆಯಾದಾಗ ಇಡೀ ಪುಸ್ತಕವನ್ನು ಮತ್ತೆ ಅಚ್ಚು ಮಾಡದೆ, ಬದಲಾದ ಹಾಳೆಯನ್ನಷ್ಟೇ ಕಳುಹಿಸುವ ಪದ್ಧತಿ ಬೆಳೆದು ನಿಂತಿತು. ಅಂಥ ಕೈಪಿಡಿಗಳ ಮುಂಭಾಗದಲ್ಲಿ ಒಂದು ಪಟ್ಟಿ ಇರುತ್ತದೆ: ಈ ಹೊತ್ತಿಗೆ ಯಾವ ಪುಟದ ಯಾವ ದಿನಾಂಕದ ಪ್ರತಿ ಚಾಲ್ತಿಯಲ್ಲಿದೆ ಎಂಬುದರ ಪಟ್ಟಿ. ದಾಖಲಾತಿ ಕೈಪಿಡಿಗೆ ಬೇರೆ ಯಾವುದನ್ನು ತೆಗೆದುಕೊಳ್ಳದಿದ್ದರೂ ಈ ಒಂದು ಹಾಳೆಯನ್ನು ತೆಗೆದುಕೊಳ್ಳಬೇಕು. ಕೈಯಲ್ಲಿರುವ ಪುಟದ ದಿನಾಂಕ ಆ ಪಟ್ಟಿಯ ದಿನಾಂಕಕ್ಕೆ ಹೊಂದದಿದ್ದರೆ, ಆ ಪುಟವನ್ನು ಪೋಷಕರಿಗೆ ಓದಿ ಹೇಳಬಾರದು ಎಂಬುದು ನಿಯಮ.

ಫೈಲು ಕೊಳ್ಳುವಾಗ ಸಣ್ಣ ಸಂಗತಿಗಳೂ ಲೆಕ್ಕಕ್ಕೆ ಬರುತ್ತವೆ. ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 838ರ ಪ್ರಕಾರ ಎರಡು ರಂಧ್ರಗಳ ನಡುವಿನ ಅಂತರ 80 ಮಿಲಿಮೀಟರ್, ರಂಧ್ರದ ವ್ಯಾಸ 6 ಮಿಲಿಮೀಟರ್. ದಿನವೂ ತೆರೆದು ಮುಚ್ಚುವ ಫೈಲಿನಲ್ಲಿ ಎರಡೇ ರಂಧ್ರದ ಹಾಳೆಗಳು ಬೇಗ ಹರಿಯುತ್ತವೆ. ಅದೇ 80 ಮಿಲಿಮೀಟರ್ ಅಂತರದಲ್ಲಿ ನಾಲ್ಕು ರಂಧ್ರಗಳಿರುವ ಫೈಲನ್ನು ಆರಿಸಿದರೆ ಹಾಳೆ ಹೆಚ್ಚು ಕಾಲ ನಿಲ್ಲುತ್ತದೆ ಮತ್ತು ಮುಂದೆ ಅದನ್ನು ಎರಡು ರಂಧ್ರದ ಹಳೆಯ ಕಡತಕ್ಕೂ ಹಾಕಿಡಬಹುದು, ಏಕೆಂದರೆ ನಡುವಿನ ಎರಡು ರಂಧ್ರಗಳು ಅದಕ್ಕೆ ಸರಿಹೊಂದುತ್ತವೆ. ಸಾಮಾನ್ಯ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಹಾಳೆಗಿಂತ 100 ಅಥವಾ 120 ಜಿಎಸ್‌ಎಂ ಹಾಳೆ ಮೇಲು. ಒಂದು ಪುಟಕ್ಕೆ ಒಂದೇ ವಿಷಯ, ಒಂದೇ ಬದಿಗೆ ಮುದ್ರಣ ಎಂಬುದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಎರಡೂ ಬದಿಗೆ ಮುದ್ರಿಸಿದರೆ ವಾಹನದ ಮಾರ್ಗ ಬದಲಾದಾಗ ಅದರ ಬೆನ್ನಿಗಿರುವ ಸಮವಸ್ತ್ರದ ಪುಟವನ್ನೂ ಕಾರಣವಿಲ್ಲದೆ ಬದಲಿಸಬೇಕಾಗುತ್ತದೆ, ಆಗ ಚಾಲ್ತಿ ಪುಟಗಳ ಪಟ್ಟಿಯ ಲೆಕ್ಕ ತಪ್ಪುತ್ತದೆ.

ತೆಗೆದ ಪುಟವನ್ನು ಹರಿದು ಬಿಸಾಡಬಾರದು. ಅದರ ಮೇಲೆ ‘ರದ್ದು’ ಎಂದೂ ರದ್ದಾದ ದಿನಾಂಕವನ್ನೂ ಬರೆದು ಬೇರೆ ಕಡತದಲ್ಲಿ ಇಡಬೇಕು. ಹಿಂದಿನ ನಿಯಮ ಚಾಲ್ತಿಯಲ್ಲಿದ್ದಾಗ ಅರ್ಜಿ ಸಲ್ಲಿಸಿದ ಕುಟುಂಬವೊಂದು ಎರಡು ತಿಂಗಳ ನಂತರ ಬಂದು, ಅಂದು ತಮಗೆ ಹೇಳಿದ್ದೇ ಬೇರೆ ಎಂದರೆ, ಅವರು ಹೇಳುವುದು ನಿಜವಿರಬಹುದು. ಅದನ್ನು ತಿಳಿಯಲು ಹಳೆಯ ಪುಟವಲ್ಲದೆ ಬೇರೆ ಸಾಕ್ಷಿ ಇರುವುದಿಲ್ಲ.

ರಿಂಗ್ ಫೈಲಿನ ಕೊರತೆಗಳೂ ಕಡಿಮೆಯೇನಲ್ಲ. ಒಂದಕ್ಕಿಂತ ಹೆಚ್ಚು ಪ್ರತಿಗಳಿದ್ದರೆ ಎಲ್ಲದರಲ್ಲೂ ಪುಟ ಬದಲಿಸಲೇಬೇಕು, ಒಂದರಲ್ಲಿ ಮರೆತರೆ ಅಲ್ಲಿಗೆ ಎರಡು ಉತ್ತರಗಳು ಹುಟ್ಟಿದಂತೆ. ಮನೆಯಿಂದ ಅಥವಾ ಪ್ರವೇಶ ಮೇಳದಿಂದ ಉತ್ತರಿಸುವವರಿಗೆ ಇದು ಸಿಗುವುದಿಲ್ಲ. ಮೂರು ಅಥವಾ ನಾಲ್ಕು ಪ್ರತಿಗಳವರೆಗೆ ಇದನ್ನು ಕೈಯಿಂದ ನಿಭಾಯಿಸಬಹುದು. ಅದಕ್ಕಿಂತ ಹೆಚ್ಚಾದರೆ ಬೇರೆ ದಾರಿ ನೋಡಬೇಕು.

ವಿಷಯಕ್ಕೊಂದರಂತೆ ಕಾರ್ಡು ಬರೆದು ಪೆಟ್ಟಿಗೆಯಲ್ಲಿಡುವ ಪದ್ಧತಿಯನ್ನೂ ಕೆಲವರು ಮೆಚ್ಚುತ್ತಾರೆ. ಹುಡುಕಲು ವೇಗವಾಗಿದ್ದರೂ, ಗಡಿಬಿಡಿಯಲ್ಲಿ ಹೊರತೆಗೆದ ಕಾರ್ಡು ಮತ್ತೆ ಅದೇ ಜಾಗಕ್ಕೆ ಮರಳುವುದಿಲ್ಲ, ಕಾಣೆಯಾದದ್ದೂ ಗೊತ್ತಾಗುವುದಿಲ್ಲ. ಈ ಕೆಲಸಕ್ಕೆ ಅದು ಬೇಡ.

ಸ್ಪ್ರೆಡ್‌ಶೀಟ್

ಹಂಚಿಕೊಂಡ ಸ್ಪ್ರೆಡ್‌ಶೀಟ್, ಅಂದರೆ ಹಲವರು ಒಟ್ಟಿಗೆ ತೆರೆಯಬಹುದಾದ ಕಂಪ್ಯೂಟರಿನ ಲೆಕ್ಕದ ಹಾಳೆ, ಅಂಕಿಗಳಿಗೆ ಹೇಳಿ ಮಾಡಿಸಿದ್ದು. ಉಳಿದ ಸೀಟು, ಕಾಯುವ ಪಟ್ಟಿಯ ಸ್ಥಿತಿ, ಭೇಟಿಯ ಸಮಯ, ತರಗತಿವಾರು ಶುಲ್ಕ ಇವೆಲ್ಲ ಒಂದೇ ಕಡೆ ತಿದ್ದಿದರೆ ಎಲ್ಲರ ಪರದೆಯಲ್ಲೂ ಆ ಕ್ಷಣವೇ ಬದಲಾಗುತ್ತವೆ. ಯಾರು ಯಾವಾಗ ಏನನ್ನು ತಿದ್ದಿದರು ಎಂಬ ಇತಿಹಾಸವೂ ಉಳಿಯುತ್ತದೆ. ದಿನದೊಳಗೇ ಬದಲಾಗುವ ಮಾಹಿತಿಗೆ ಇದಕ್ಕಿಂತ ಉತ್ತಮವಾದ ಸುಲಭ ಸಾಧನ ನನಗೆ ಕಾಣುವುದಿಲ್ಲ.

ಆದರೆ ಇದರ ಅಪಾಯಗಳು ಸದ್ದಿಲ್ಲದವು. ಒಂದೇ ಕಂಬಸಾಲನ್ನು (ಕಾಲಂ) ಆಯ್ದು ಅಕ್ಷರಾನುಕ್ರಮಕ್ಕೆ ಹೊಂದಿಸಿಬಿಟ್ಟರೆ ಮೂರನೆಯ ತರಗತಿಯ ಮುಂದೆ ಏಳನೆಯ ತರಗತಿಯ ಶುಲ್ಕ ಬಂದು ಕೂರುತ್ತದೆ, ನೋಡಲು ಎಲ್ಲ ಸರಿಯಾಗಿಯೇ ಕಾಣುತ್ತದೆ. ಸೊನ್ನೆಯಿಂದ ಆರಂಭವಾಗುವ ಫೋನ್ ಸಂಖ್ಯೆ ಅಥವಾ ಅರ್ಜಿ ಸಂಖ್ಯೆಯನ್ನು ಹಾಗೆಯೇ ಟೈಪ್ ಮಾಡಿದರೆ ಮೊದಲ ಸೊನ್ನೆ ಮಾಯವಾಗುತ್ತದೆ. ಅಂಥ ಮನೆಗಳನ್ನು (ಹಾಳೆಯ ಚೌಕಗಳನ್ನು) ಮೊದಲೇ ‘ಪಠ್ಯ’ ಎಂದು ನಿಗದಿಪಡಿಸಬೇಕು. 03/04 ಎಂದು ಬರೆದ ದಿನಾಂಕವನ್ನು ಒಬ್ಬರು ಏಪ್ರಿಲ್ 3 ಎಂದೂ ಇನ್ನೊಬ್ಬರು ಮಾರ್ಚ್ 4 ಎಂದೂ ಓದುತ್ತಾರೆ, ಅರ್ಜಿಯ ಕೊನೆಯ ದಿನಾಂಕದ ವಿಷಯದಲ್ಲಿ ಇದು ಸಣ್ಣ ತಪ್ಪಲ್ಲ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, ಅಂದರೆ 2026-04-03 ಎಂಬಂತೆ, ಐಎಸ್‌ಒ 8601 ಮಾನದಂಡದ ಹಾಗೆ ಬರೆದರೆ ಈ ಗೊಂದಲವೂ ಇಲ್ಲ, ದಿನಾಂಕಗಳು ಕ್ರಮವಾಗಿ ಹೊಂದಿಕೊಳ್ಳುವುದೂ ಸುಲಭ. ತಿದ್ದುವ ಅಧಿಕಾರ ಇಬ್ಬರಿಗಷ್ಟೇ ಇದ್ದು, ಉಳಿದವರಿಗೆ ನೋಡುವ ಅವಕಾಶ ಮಾತ್ರ ಇರಬೇಕು.

ವಿವರಣೆ ಬೇಕಾದ ಸಂಗತಿಗಳಿಗೆ ಇದು ಹೊಂದುವುದಿಲ್ಲ. ರಿಯಾಯಿತಿ ಯಾರಿಗೆ, ಯಾವ ಸಂದರ್ಭದಲ್ಲಿ, ಯಾರ ಅನುಮತಿಯಿಂದ ಎಂಬುದನ್ನು ಒಂದು ಸಣ್ಣ ಮನೆಯೊಳಗೆ ತುರುಕಿದರೆ ಓದುವವರು ಮೊದಲ ಸಾಲನ್ನಷ್ಟೇ ಓದುತ್ತಾರೆ, ಷರತ್ತುಗಳು ಯಾವಾಗಲೂ ಎರಡನೆಯ ಸಾಲಿನಿಂದ ಶುರುವಾಗುತ್ತವೆ.

ವಿಕಿ ಮತ್ತು ಟಿಪ್ಪಣಿ ತಂತ್ರಾಂಶ

ಅಮೆರಿಕದ ತಂತ್ರಾಂಶ ತಜ್ಞ ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ಅಂತರಜಾಲಕ್ಕೆ ಬಿಟ್ಟಾಗ ಅದರ ಹಿಂದಿದ್ದ ಯೋಚನೆ, ಓದುವವರೇ ಪುಟವನ್ನು ತಿದ್ದಬಹುದು, ಒಂದು ಪುಟದಿಂದ ಇನ್ನೊಂದಕ್ಕೆ ಸುಲಭವಾಗಿ ಕೊಂಡಿ ಹಾಕಬಹುದು ಎಂಬುದು. ಹಲವು ಶಾಖೆಗಳಿರುವ, ಪ್ರತಿನಿಧಿಗಳು ಬೇರೆ ಬೇರೆ ಕಡೆ ಕುಳಿತಿರುವ ಸಂಸ್ಥೆಗೆ ಇದು ಸರಿಯಾದ ಆಯ್ಕೆ. ವಯೋಮಿತಿಯ ಪುಟದಿಂದ ಜನನ ಪ್ರಮಾಣ ಪತ್ರದ ಪುಟಕ್ಕೆ, ಅಲ್ಲಿಂದ ದಾಖಲೆ ತಡವಾದರೆ ಕೊಡಬೇಕಾದ ಮುಚ್ಚಳಿಕೆಯ ಪುಟಕ್ಕೆ ಹೋಗುವುದು ಕಾಗದದಲ್ಲಿ ಇಷ್ಟು ಸಲೀಸಲ್ಲ.

ಹುಡುಕುವ ಸೌಲಭ್ಯದ ಮೇಲೆ ಮಾತ್ರ ಪೂರ್ತಿ ಭರವಸೆ ಇಡಬಾರದು. ಒಬ್ಬರು ‘ದಾಖಲಾತಿ’ ಎಂದು ಬರೆದಿರುತ್ತಾರೆ, ಇನ್ನೊಬ್ಬರು ‘ಪ್ರವೇಶ’ ಎಂದು ಹುಡುಕುತ್ತಾರೆ, ಮತ್ತೊಬ್ಬರು ‘ಅಡ್ಮಿಷನ್’ ಎಂದು. ವರ್ಗಾವಣೆ ಪತ್ರವನ್ನು ‘ಟಿ.ಸಿ.’ ಎಂದು ಹುಡುಕಿದವರಿಗೆ ಆ ಪುಟ ಸಿಗುವುದೇ ಇಲ್ಲ. ಪ್ರತಿ ಪುಟದ ಕೆಳಗೆ ಜನ ಬಳಸುವ ಪರ್ಯಾಯ ಪದಗಳನ್ನೆಲ್ಲ ಒಂದು ಸಾಲಿನಲ್ಲಿ ಬರೆದಿಡುವುದು ಇದಕ್ಕೆ ಇರುವ ಸರಳ ಉಪಾಯ. ಎಲ್ಲರೂ ತಿದ್ದಬಹುದು ಎಂದಾದಾಗ ಯಾರೂ ತಿದ್ದದೆ ಇರುವುದು ಇದರ ಇನ್ನೊಂದು ಕಾಯಿಲೆ. ಪುಟಕ್ಕೊಬ್ಬ ಹೊಣೆಗಾರರ ಹೆಸರು ಮೇಲ್ಭಾಗದಲ್ಲೇ ಇರಲಿ.

ಒಳಗಿನ ಜೋಡಣೆ

ರೂಪ ಯಾವುದೇ ಆದರೂ ಪುಟಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದು ಇನ್ನೊಂದು ಆಯ್ಕೆ. ಅಕ್ಷರಾನುಕ್ರಮ ನೋಡಲು ಅಚ್ಚುಕಟ್ಟು, ಆದರೆ ಪದ ಗೊತ್ತಿಲ್ಲದವರಿಗೆ ದಾರಿ ತೋರಿಸುವುದಿಲ್ಲ. ವಿಭಾಗವಾರು ಜೋಡಣೆ, ಅಂದರೆ ಲೆಕ್ಕಪತ್ರ, ಸಾರಿಗೆ, ಬೋಧನೆ ಎಂಬಂಥದ್ದು, ಒಳಗಿನವರಿಗೆ ಸಹಜವೆನಿಸಿದರೂ ಪೋಷಕರ ಪ್ರಶ್ನೆ ಯಾವ ವಿಭಾಗಕ್ಕೆ ಸೇರಿದ್ದು ಎಂದು ಹೊಸ ಪ್ರತಿನಿಧಿಗೆ ತಿಳಿಯದು. ಕುಟುಂಬವೊಂದು ಸಾಗುವ ದಾರಿಯ ಕ್ರಮವನ್ನೇ ಅನುಸರಿಸುವುದು ನನ್ನ ಮಟ್ಟಿಗೆ ಮೇಲಾದದ್ದು: ವಿಚಾರಣೆ, ಶಾಲೆಯ ಭೇಟಿ, ಅರ್ಜಿ, ದಾಖಲೆ ಪರಿಶೀಲನೆ, ಮಗುವಿನೊಂದಿಗೆ ಮಾತುಕತೆ, ಸೀಟು ಖಚಿತವಾಗುವುದು, ಶುಲ್ಕ, ಮೊದಲ ದಿನ, ಕೊನೆಗೆ ಶಾಲೆ ಬಿಡುವುದು. ಮುಂದೆ ಕುಳಿತವರು ಈಗ ಎಲ್ಲಿದ್ದಾರೆ ಎಂದು ತಿಳಿದರೆ ಯಾವ ಭಾಗ ತೆರೆಯಬೇಕೆಂಬುದು ತಾನಾಗಿ ತಿಳಿಯುತ್ತದೆ. ಇದರ ಮುಂದೆ ಪೋಷಕರ ಮಾತಿನಲ್ಲೇ ಬರೆದ ಪ್ರಶ್ನೆಗಳ ಸೂಚಿಯೊಂದನ್ನು ಸೇರಿಸಬೇಕು. ಆ ಸೂಚಿಯಲ್ಲಿ ‘ಶುಲ್ಕ ಮರುಪಾವತಿ ನೀತಿ’ ಎಂದು ಬರೆದರೆ ಪ್ರಯೋಜನ ಕಡಿಮೆ, ‘ಸೇರಿಸಿದ ಮೇಲೆ ಬೇಡ ಎಂದರೆ ದುಡ್ಡು ವಾಪಸ್ ಬರುತ್ತಾ?’ ಎಂದೇ ಬರೆಯಬೇಕು.

ಒಂದು ಪುಟ ಹೇಗಿರಬೇಕು ಎಂಬುದನ್ನು ಹತ್ತಿರದಿಂದ ನೋಡೋಣ. ‘ಮಗುವಿಗೆ ಹನ್ನೊಂದು ದಿನ ಕಡಿಮೆ ಬೀಳ್ತಿದೆ ಮೇಡಂ, ಏನಾದ್ರೂ ಮಾಡೋಕಾಗುತ್ತಾ?’ ಎಂದು ತಾಯಿಯೊಬ್ಬರು ಕೇಳುತ್ತಾರೆ. ಪುಟ ಇಲ್ಲದ ಮೇಜಿನಲ್ಲಿ ಇದಕ್ಕೆ ಬರುವ ಉತ್ತರ ‘ನೋಡೋಣ ಬಿಡಿ’ ಎಂಬುದು. ಹೇಳಿದವರಿಗೆ ಅದು ಮಾತು ಮುಗಿಸುವ ಸೌಜನ್ಯ, ಕೇಳಿದವರಿಗೆ ಅದು ಅರ್ಧ ಒಪ್ಪಿಗೆ. ಆ ಭರವಸೆಯಲ್ಲಿ ಅವರು ಬೇರೆ ಶಾಲೆಯ ಅರ್ಜಿಯ ದಿನಾಂಕವನ್ನೂ ಬಿಟ್ಟುಬಿಡಬಹುದು. ಪುಟ ಇರುವ ಮೇಜಿನಲ್ಲಿ ಮೊದಲಿಗೆ ಹಾಗೆಯೇ ಓದಿ ಹೇಳಬಹುದಾದ ಎರಡು ವಾಕ್ಯಗಳಿರುತ್ತವೆ: ‘ನಿಗದಿತ ದಿನಾಂಕಕ್ಕೆ ವಯಸ್ಸು ತುಂಬದಿದ್ದರೆ ಈ ವರ್ಷ ಈ ತರಗತಿಗೆ ಅರ್ಜಿ ತೆಗೆದುಕೊಳ್ಳಲು ಬರುವುದಿಲ್ಲ. ಇದರ ಕೆಳಗಿನ ತರಗತಿಗೆ ಈಗಲೇ ಅರ್ಜಿ ಹಾಕಬಹುದು, ಇಲ್ಲವೇ ಮುಂದಿನ ವರ್ಷ ಇದೇ ತರಗತಿಗೆ ಹಾಕಬಹುದು.’ ಅದರ ಕೆಳಗೆ ಈ ನಿಯಮದ ಆಧಾರ ಯಾವ ಸುತ್ತೋಲೆ, ಎಂದಿನಿಂದ ಜಾರಿ, ಪುಟವನ್ನು ಕೊನೆಯ ಬಾರಿ ಪರಿಶೀಲಿಸಿದ್ದು ಎಂದು, ಪರಿಶೀಲಿಸಿದವರು ಯಾರು ಎಂಬ ವಿವರ. ಆಮೇಲೆ ಹೇಳಬಾರದ್ದು: ವಿನಾಯಿತಿ ಸಿಗಬಹುದು ಎಂಬ ಸೂಚನೆ ಕೊಡಬಾರದು, ಹಿಂದೆ ಯಾರಿಗಾದರೂ ಕೊಟ್ಟಿದ್ದರೆ ಅದನ್ನು ಉದಾಹರಿಸಬಾರದು. ಕೊನೆಯಲ್ಲಿ, ಪೋಷಕರು ಒಪ್ಪದಿದ್ದರೆ ಲಿಖಿತ ಮನವಿಯನ್ನು ಯಾರಿಗೆ ಕೊಡಬೇಕು, ಎಷ್ಟು ದಿನದೊಳಗೆ ಉತ್ತರ ಬರುತ್ತದೆ ಎಂಬುದು. ಇಷ್ಟೂ ಒಂದೇ ಪುಟದಲ್ಲಿ ಹಿಡಿಸಬೇಕು. ಹಿಡಿಸದಿದ್ದರೆ ಅಲ್ಲಿ ಎರಡು ವಿಷಯಗಳು ಸೇರಿಕೊಂಡಿವೆ ಎಂದು ಅರ್ಥ.

ಮಕ್ಕಳ ಹೆಸರು, ಪೋಷಕರ ಫೋನ್ ಸಂಖ್ಯೆ, ಆದಾಯದ ವಿವರ, ಮಗುವಿನ ಆರೋಗ್ಯ ಅಥವಾ ವಿಶೇಷ ಅಗತ್ಯಗಳ ಮಾಹಿತಿ ಈ ಕೈಪಿಡಿಯ ಯಾವ ಪುಟಕ್ಕೂ ಬರಕೂಡದು. ಕೈಪಿಡಿ ಮೇಜಿನ ಮೇಲೆ ತೆರೆದೇ ಇರುವ ವಸ್ತು, ಎದುರು ಕುಳಿತವರು ತಲೆಕೆಳಗಾಗಿಯಾದರೂ ಅದನ್ನು ಓದುತ್ತಾರೆ. ಪಾಸ್‌ವರ್ಡುಗಳಿಗೂ ಇದೇ ಮಾತು.

ಯಾರಿಗೆ ಯಾವುದು

ಒಬ್ಬರೇ ಪ್ರತಿನಿಧಿ ಇರುವ ಸಣ್ಣ ಶಾಲೆಗೆ ಒಂದು ರಿಂಗ್ ಫೈಲು ಸಾಕು. ಸೀಟುಗಳ ಲೆಕ್ಕವನ್ನು ಪ್ರತಿದಿನ ಬೆಳಿಗ್ಗೆ ದಿನಾಂಕ ಹಾಕಿದ ಒಂದೇ ಹಾಳೆಯಲ್ಲಿ ಬರೆದು ಮುಂಭಾಗದಲ್ಲಿ ಸಿಕ್ಕಿಸಿ, ಸಂಜೆ ತೆಗೆದುಬಿಡಬಹುದು. ಮೂರರಿಂದ ಐದು ಜನರಿರುವಲ್ಲಿ ಎರಡನ್ನೂ ಸೇರಿಸುವುದು ಲೇಸು: ನಿಯಮ ಮತ್ತು ವಿವರಣೆಗೆ ರಿಂಗ್ ಫೈಲು, ಬದಲಾಗುವ ಅಂಕಿಗಳಿಗೆ ಸ್ಪ್ರೆಡ್‌ಶೀಟ್. ಆದರೆ ಒಂದು ಅಂಕಿ ಎರಡೂ ಕಡೆ ಇರಬಾರದು. ಶುಲ್ಕ ಸ್ಪ್ರೆಡ್‌ಶೀಟಿನಲ್ಲಿದ್ದರೆ ಫೈಲಿನ ಪುಟದಲ್ಲಿ ಅಂಕಿ ಬರೆಯದೆ, ಎಲ್ಲಿ ನೋಡಬೇಕು ಎಂಬುದನ್ನು ಮಾತ್ರ ಬರೆಯಬೇಕು. ಅದಕ್ಕಿಂತ ದೊಡ್ಡ ತಂಡಕ್ಕೆ, ಅಥವಾ ಹಲವು ಶಾಖೆಗಳಿಗೆ ವಿಕಿಯೇ ಮೂಲ ಪ್ರತಿಯಾಗಲಿ. ಸಂಪರ್ಕ ಕಡಿದಾಗ ಬೇಕಾಗುವ ಇಪ್ಪತ್ತು ಪುಟಗಳನ್ನು ಮಾತ್ರ ಮುದ್ರಿಸಿ ಪ್ರತಿ ಮೇಜಿನಲ್ಲಿ ಇಡಲಿ.

ಹೊಲಿದ ಪುಸ್ತಕದ ಕೆಲಸ ಇಲ್ಲಿ ಬರುತ್ತದೆ. ಕೈಪಿಡಿಯಲ್ಲಿ ಉತ್ತರ ಸಿಗದ ಪ್ರತಿಯೊಂದು ಪ್ರಶ್ನೆಯನ್ನು, ಕೇಳಿದವರ ಹೆಸರಿಲ್ಲದೆ, ಕೇಳಿದ ಮಾತಿನಲ್ಲೇ, ದಿನಾಂಕದೊಂದಿಗೆ ಅದರಲ್ಲಿ ಬರೆಯಬೇಕು. ಪುಟ ಕಳಚದ, ಕ್ರಮ ತಪ್ಪದ ಪುಸ್ತಕ ಇದಕ್ಕೆ ಹೆಚ್ಚು ಸೂಕ್ತ. ಒಂದೇ ಪ್ರಶ್ನೆ ಮೂರು ಬಾರಿ ಕಾಣಿಸಿಕೊಂಡರೆ ಅದಕ್ಕೆ ಕೈಪಿಡಿಯಲ್ಲಿ ಒಂದು ಪುಟ ಮಾಡುವುದು ಒಳ್ಳೆಯ ನಿಯಮ. ಹೀಗೆ ಬೆಳೆದ ಕೈಪಿಡಿ, ಮೊದಲೇ ಕುಳಿತು ಊಹಿಸಿ ಬರೆದದ್ದಕ್ಕಿಂತ ತೆಳ್ಳಗಿದ್ದರೂ ಹೆಚ್ಚು ಬಳಕೆಗೆ ಬರುತ್ತದೆ.

ಕೈಪಿಡಿ ಸಿದ್ಧವಾದ ಮೇಲೆ ಅದನ್ನು ಬರೆದವರ ಕೈಯಲ್ಲೇ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹೊಸದಾಗಿ ಸೇರಿದ ಒಬ್ಬರಿಗೆ ಅದನ್ನು ಕೊಟ್ಟು, ಪೋಷಕರ ಧಾಟಿಯಲ್ಲಿ ಹತ್ತು ಪ್ರಶ್ನೆ ಕೇಳಿ, ಫೋನಿನಲ್ಲಿ ಒಬ್ಬರು ಕಾಯುತ್ತಿರುವಷ್ಟು ಹೊತ್ತಿನೊಳಗೆ ಸರಿಯಾದ ಪುಟ ತೆರೆಯುತ್ತಾರೆಯೇ ಎಂದು ನೋಡಬೇಕು. ತಡವಾದ ಪ್ರಶ್ನೆಗಳು ಸೂಚಿಯ ದೋಷವನ್ನು ತೋರಿಸುತ್ತವೆ, ತಪ್ಪು ಉತ್ತರಗಳು ಪುಟದ ಭಾಷೆಯ ದೋಷವನ್ನು ತೋರಿಸುತ್ತವೆ.

ಈಗಾಗಲೇ ಹಳೆಯ ಪುಸ್ತಕವೊಂದನ್ನು ಬಳಸುತ್ತಿರುವವರು ಅದನ್ನು ಇಡಿಯಾಗಿ ಹೊಸ ರೂಪಕ್ಕೆ ನಕಲು ಮಾಡುವ ಗೋಜಿಗೆ ಹೋಗಬಾರದು, ಏಕೆಂದರೆ ಅದರಲ್ಲಿರುವ ತಪ್ಪುಗಳೂ ಹೊಸ ದಿನಾಂಕ ಹಾಕಿಸಿಕೊಂಡು ಬರುತ್ತವೆ. ಪ್ರವೇಶದ ಕಾಲ ಆರಂಭವಾಗುವುದಕ್ಕೆ ಮುಂಚೆ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಮೂಲ ಸುತ್ತೋಲೆಗಳನ್ನು ನೋಡಿ ಹೊಸ ಪುಟಗಳನ್ನು ಬರೆದುಕೊಂಡು, ಒಂದು ದಿನವನ್ನು ಗೊತ್ತುಮಾಡಿ, ಆ ದಿನ ಬೆಳಿಗ್ಗೆ ಹಳೆಯ ಪುಸ್ತಕವನ್ನು ಮೇಜಿನಿಂದ ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಅದು ಕೈಗೆ ಎಟುಕುವಲ್ಲಿ ಇರುವವರೆಗೆ ಅನುಭವಿಗಳು ಹಳೆಯದನ್ನೇ ತೆರೆಯುತ್ತಾರೆ, ಹೊಸಬರು ಅವರನ್ನು ನೋಡಿ ಹಾಗೆಯೇ ಕಲಿಯುತ್ತಾರೆ.